ಮುಂಬಯಿಯ ನೆಲದ ಬೆಲೆ: ೧೮೬೪-೬೫ರ ಪ್ರಕರಣ

ಪಟ್ಟಣಗಳಲ್ಲಿ ಮನೆ ನಿವೇಶನಗಳ ಬೆಲೆ ಏರತೊಡಗಿದಾಗಲೆಲ್ಲ ಲೋಕದಲ್ಲಿ ಎರಡು ಪಕ್ಷಗಳು ಹುಟ್ಟುತ್ತವೆ. ಜನ ಹೆಚ್ಚುತ್ತಿದ್ದಾರೆ, ಉದ್ಯೋಗ ಹೆಚ್ಚುತ್ತಿದೆ, ನೆಲವೊಂದು ಮಾತ್ರ ಹೆಚ್ಚುವುದಿಲ್ಲ. ಆದುದರಿಂದ ಬೆಲೆ ಏರುವುದು ಸಹಜವೇ ಎಂಬುದು ಒಂದು ಪಕ್ಷ. ಇದೆಲ್ಲವೂ ಬರಿಯ ನೀರ್ಗುಳ್ಳೆ, ಇಂದಲ್ಲ ನಾಳೆ ಒಡೆಯತಕ್ಕುದೇ ಎಂಬುದು ಇನ್ನೊಂದು. ಉಭಯಪಕ್ಷದವರೂ ಪ್ರಮಾಣಗಳನ್ನು ಮುಂದಿಟ್ಟುಕೊಂಡೇ ವಾದಿಸುವರು. ವಿಚಿತ್ರವೇನೆಂದರೆ, ಉಭಯರ ಪ್ರಮಾಣಗಳೂ ಬಹುಮಟ್ಟಿಗೆ ನಿಜವಾಗಿಯೇ ಇರುವುವು. ಹಾಗಾದ ಮೇಲೆ, ಹೊಟ್ಟೆ ಬಟ್ಟೆ ಕಟ್ಟಿ ಉಳಿಸಿದ ಹಣವನ್ನು ಕೈಯಲ್ಲಿ ಹಿಡಿದು ಮನೆ ಕೊಳ್ಳಲು ಹೊರಟ ಗೃಹಸ್ಥನು ಯಾರ ಮಾತನ್ನು ನಂಬಬೇಕು? ಈ ವಿವಾದವನ್ನು ಪರೀಕ್ಷಿಸಲು ತಕ್ಕ ದೃಷ್ಟಾಂತವೊಂದು ಭಾರತದ ಚರಿತ್ರೆಯಲ್ಲಿಯೇ ಉಂಟು. ಅದು ೧೮೬೪-೬೫ನೆಯ ವರ್ಷಗಳಲ್ಲಿ ಮುಂಬಯಿಯಲ್ಲಿ ನಡೆದ ಸಂಗತಿ. ಧಾರವಾಡ ಸೀಮೆಯ ಹತ್ತಿಯೂ ಅದರಲ್ಲಿ ಪಾತ್ರವಹಿಸಿದುದರಿಂದ ಕನ್ನಡಿಗರಿಗೆ ಅದು ಕೇವಲ ನೆರೆಮನೆಯ ಕಥೆಯಲ್ಲ.

ಕಥೆಯ ಮೂಲವಿರುವುದು ಮಾತ್ರ ಸಪ್ತಸಮುದ್ರಗಳಾಚೆ. ೧೮೬೧ರ ಏಪ್ರಿಲಿನಲ್ಲಿ ಅಮೆರಿಕದ ಉತ್ತರ ಸಂಸ್ಥಾನಗಳಿಗೂ ದಕ್ಷಿಣ ಸಂಸ್ಥಾನಗಳಿಗೂ ಯುದ್ಧವು ಮೊದಲಾಯಿತು. ದಕ್ಷಿಣದ ಬಂದರುಗಳಿಗೆ ಉತ್ತರದವರ ಯುದ್ಧನೌಕೆಗಳು ದಿಗ್ಬಂಧನವನ್ನು ಹಾಕಿದುವು. ಇಂಗ್ಲೆಂಡಿನ ಲ್ಯಾಂಕಾಷೈರಿನ ಗಿರಣಿಗಳು ನೂಲುತ್ತಿದ್ದ ಹತ್ತಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಆ ಬಂದರುಗಳಿಂದಲೇ ಬರತಕ್ಕುದಾಗಿದ್ದಿತು. ಅಲ್ಲಿ ಗಿರಣಿಗಳು ನಿಂತುವು, ಕೂಲಿಯವರು ಉಪವಾಸಬಿದ್ದರು. ಇಲ್ಲಿ ಹತ್ತಿಯ ಬೆಲೆ ಆಕಾಶವನ್ನು ಮುಟ್ಟಿತು. ಯುದ್ಧಕ್ಕೆ ಮೊದಲು ಲಿವರ್‌ಪೂಲಿನಲ್ಲಿ ಪೌಂಡು ತೂಕಕ್ಕೆ ಸುಮಾರು ೭ ಪೆನ್ಸುಗಳಿದ್ದ ಅಮೆರಿಕದ ಹತ್ತಿಯು ೧೮೬೪ರ ನಡುವೇಳೆಗೆ ೩೦ ಪೆನ್ಸುಗಳನ್ನು ಮೀರಿತು. ಅದುವರೆಗೆ ಕಸಕಡ್ಡಿ ಕೂಡಿದುದೆಂದು ತಿರಸ್ಕೃತವಾಗಿದ್ದ ಹಿಂದೂಸ್ಥಾನದ ಹತ್ತಿಗೆ ಆಗ ಬಂದ ಮರ್ಯಾದೆಯು ಹೇಳತೀರದು.

ಗುಜರಾತ, ಖಾನದೇಶ, ವರ್ಹಾಡಗಳಂತೆಯೇ ಧಾರವಾಡ ಪ್ರಾಂತಕ್ಕೂ ಈ ಭಾಗ್ಯವು ಬಂದಿತು. ಅಮೆರಿಕದ ಬೀಜವನ್ನು ತಂದು ಬಿತ್ತುವ ಪ್ರಯತ್ನವು ಅಲ್ಲಿ ೧೮೪೦ರ ದಶಕದಿಂದಲೂ ನಡೆದು ನೆಲೆಗೊಂಡಿದ್ದಿತು. 'ಧಾರವಾಡ ಅಮೆರಿಕನ್' ಎಂಬ ಹೆಸರಿನ ಅರಳೆಯು ಪೇಟೆಯಲ್ಲಿ ಗುರುತಿನ ಸರಕಾಗಿದ್ದಿತು. ನಾಡತಳಿಯ ಹತ್ತಿಯು ಘಟ್ಟವಿಳಿದು ಕುಮಟೆಯಲ್ಲಿ ಹಡಗನ್ನೇರುತ್ತಿದ್ದುದರಿಂದ 'ಕುಮಟಾ ಹತ್ತಿ' ಎಂದೇ ಪ್ರಸಿದ್ಧವಾಗಿದ್ದಿತು. ಉತ್ತರ ಕನ್ನಡವನ್ನು ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿಗೆ ಸೇರಿಸಿದುದು ೧೮೬೨ರಲ್ಲಿ. ಕಾರವಾರವನ್ನು ಹತ್ತಿಯ ಹೆಬ್ಬಾಗಿಲನ್ನಾಗಿ ಮಾಡಬೇಕೆಂಬ ಮ್ಯಾಂಚೆಸ್ಟರಿನ ವರ್ತಕರ ಒತ್ತಾಯವೂ ಅದಕ್ಕೆ ಒಂದು ಕಾರಣವಾಗಿದ್ದಿತು. ಆ ವರ್ಷಗಳಲ್ಲಿ ರೈತರು ಬಂಡಿಯ ಗಾಲಿಗಳಿಗೆ ಬೆಳ್ಳಿಯ ಪಟ್ಟಿಗಳನ್ನು ಬಡಿಸಿದರೆಂದು ಹತ್ತಿಯ ಸೀಮೆಗಳಲ್ಲೆಲ್ಲ ಹೇಳುವ ಕಥೆಯೊಂದುಂಟು. ಕಥೆ ನಿಜವಾಗಿರಲಿ, ಸುಳ್ಳಾಗಿರಲಿ, ಬೆಳ್ಳಿಯು ಬಂದುದು ನಿಜ. ಹತ್ತಿಯಲ್ಲಿ ಮಣ್ಣು, ಬೀಜ, ನೀರು ಬೆರಸಿ ತೂಕವೇರಿಸುವ ವಂಚನೆಯು ಎಷ್ಟು ಬೆಳೆಯಿತೆಂದರೆ ೧೮೬೩ರಲ್ಲಿ ಮುಂಬಯಿ ಸರಕಾರದವರು ಅದಕ್ಕಾಗಿಯೇ ಒಂದು ಕಾಯಿದೆಯನ್ನು ಮಾಡಬೇಕಾಯಿತು.

ಈ ಹತ್ತಿಯಲ್ಲಿ ಬಹುಭಾಗವು ಮುಂಬಯಿಯ ಮೂಲಕ ಹೋಗುತ್ತಿದ್ದಿತು. ಹಣವು ಮುಂಬಯಿಗೆ ಬರುತ್ತಿದ್ದಿತು. ಯುದ್ಧದ ವರ್ಷಗಳಲ್ಲಿ ಆ ನಗರವು ತನ್ನ ಹತ್ತಿಗೆ ಹಿಂದಿನ ಬೆಲೆಗಿಂತ ಅಧಿಕವಾಗಿ ಪಡೆದ ಹಣವು ೭-೮ ಕೋಟಿ ಪೌಂಡುಗಳಷ್ಟಾಯಿತೆಂದು ಆಗಿನವರು ಲೆಕ್ಕಹಾಕಿದ್ದಾರೆ. ಇಷ್ಟು ಧನವು ಒಮ್ಮೆಗೇ ಬಂದರೆ ಅದು ಎಲ್ಲಿಯಾದರೂ ನಿಲ್ಲಲೇಬೇಕಷ್ಟೆ. ಮುಂಬಯಿಯಲ್ಲಿ ಅದು ನೆಲದ ಮೇಲೆ ನಿಂತಿತು. ಇನ್ನೂ ಸರಿಯಾಗಿ ಹೇಳುವುದಾದರೆ, ಇನ್ನೂ ನೆಲವಾಗದೆ ಸಮುದ್ರವಾಗಿಯೇ ಇದ್ದ ಸ್ಥಳದ ಮೇಲೆ ನಿಂತಿತು!

ಇಲ್ಲಿ ಮೊದಲನೆಯ ಪಕ್ಷದವರ ವಾದವನ್ನು ಗೌರವದಿಂದ ಕೇಳಬೇಕು. ಮುಂಬಯಿಗೆ ನೆಲವು ಬೇಕಾಗಿದ್ದಿತೇ? ನಿಶ್ಚಯವಾಗಿಯೂ ಬೇಕಾಗಿದ್ದಿತು. ಸುಮಾರು ೨೨ ಚದರ ಮೈಲಿಗಳ ದ್ವೀಪವದು. ೧೮೫೩ರಲ್ಲಿ ಠಾಣೆಗೆ ರೈಲು ಓಡಿತು. ೧೮೬೩ರಲ್ಲಿ ಬೋರಘಾಟದ ಹಾದಿಯು ತೆರೆದು ದಖ್ಖಣವು ಬಂದರಿಗೆ ಸಮೀಪವಾಯಿತು. ನೂಲಿನ ಗಿರಣಿಗಳು ಆಗಲೇ ತಲೆಯೆತ್ತಿದ್ದುವು. ಹಡಗಿನಿಂದ ಸರಕಿಳಿಸಲು ತಕ್ಕ ಕಟ್ಟೆಗಳಿರಲಿಲ್ಲ, ಉಗ್ರಾಣಗಳಿರಲಿಲ್ಲ. ಕೋಟೆಯೊಳಗೆ ಜನರು ಒಬ್ಬರಮೇಲೊಬ್ಬರು ಬೀಳುವಂತೆ ವಾಸವಾಗಿದ್ದರು. ೧೮೬೨ರಲ್ಲಿ ಗವರ್ನರಾಗಿ ಬಂದ ಸರ್ ಬಾರ್ಟಲ್ ಫ್ರೀಯರನು ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿ ಊರಿಗೆ ಗಾಳಿಬೆಳಕುಗಳನ್ನು ಕೊಡಹೊರಟುದು ಈ ಇಕ್ಕಟ್ಟನ್ನು ಕಂಡೇ. ೧೮೬೪ರ ಗಣತಿಯಲ್ಲಿ ನಗರದ ಜನಸಂಖ್ಯೆಯು ೮,೧೬,೫೬೨ ಎಂದು ಎಣಿಕೆಯಾಯಿತು. ಬೇಡಿಕೆಯು ಸುಳ್ಳೆಂದು ಹೇಳಲು ಯಾರಿಗೆ ಬಾಯಿ ಬಂದೀತು?

ಈ ಸತ್ಯದ ಮೇಲೆಯೇ 'ಬ್ಯಾಕ್ ಬೇ' ಕಂಪೆನಿಯು ಹುಟ್ಟಿತು. ದ್ವೀಪದ ಪಶ್ಚಿಮದಲ್ಲಿ ಕೊಲಾಬಾದಿಂದ ಮಲಬಾರ ಗುಡ್ಡದವರೆಗೆ ಅರ್ಧಚಂದ್ರಾಕಾರವಾಗಿ ಬಾಗಿರುವ ಕೊಲ್ಲಿಯ ಅಂಚನ್ನು ತುಂಬಿ, ಬಡೋದೆಯ ಕಡೆಯಿಂದ ಬರುವ ರೈಲಿಗೆ ಸ್ಥಳವನ್ನು ಕೊಟ್ಟು, ಮಿಕ್ಕ ನೆಲವನ್ನು ಮನೆಗಳಿಗೆ ನಿವೇಶನವಾಗಿ ಮಾರುವುದು ಅದರ ಉದ್ದೇಶ. ಉದ್ದೇಶವು ಅಸಂಗತವಾದುದಲ್ಲ. ಷೇರು ಒಂದಕ್ಕೆ ೫,೦೦೦ ರೂಪಾಯಿ. ಸ್ಥಳೀಯ ಸರಕಾರವೇ ೪೦೦ ಷೇರುಗಳನ್ನು ಹಿಡಿಯಲು ಒಪ್ಪಿದ್ದಿತು. ಆದರೆ ಹಿಂದೂಸ್ಥಾನದ ಮೇಲಿನ ಸರಕಾರವು ಇದು ರಾಜ್ಯಭಾರಕ್ಕೆ ತಕ್ಕ ವ್ಯಾಪಾರವಲ್ಲವೆಂದು ತಡೆಯಿತು. ಆ ೪೦೦ ಷೇರುಗಳನ್ನು ಬಹಿರಂಗ ಹರಾಜಿಗೆ ಇಟ್ಟಾಗ ಬಂದ ಹಣವು ಒಂದು ಕೋಟಿ ರೂಪಾಯಿಗಳಿಗೂ ಮಿಕ್ಕಿತು! ಸಮುದ್ರಕ್ಕೆ ಒಂದು ಬುಟ್ಟಿ ಮಣ್ಣು ಬಿದ್ದಿತೋ ಇಲ್ಲವೋ, ಅದರ ಚೂರು ಕಾಗದಕ್ಕೆ ಐದು ಪಟ್ಟು ಬೆಲೆ ಕಟ್ಟಿಹೋಯಿತು. ಉಬ್ಬರದ ತುದಿಯಲ್ಲಿ ೫,೦೦೦ ರೂಪಾಯಿ ತೆತ್ತಿದ್ದ ಷೇರಿನ ಮೇಲೆ ಸುಮಾರು ೫೦,೦೦೦ ರೂಪಾಯಿ ಅಧಿಕವನ್ನು ಕೊಟ್ಟು ಕೊಳ್ಳುವವರಿದ್ದರು. ಇದನ್ನು ನೋಡಿ ಪೂರ್ವದ ದಡದಲ್ಲಿ ಎಲ್ಫಿನ್‌ಸ್ಟನ್ ಕಂಪೆನಿ, ದಕ್ಷಿಣದಲ್ಲಿ ಕೊಲಾಬಾ ಕಂಪೆನಿ, ಮಝಗಾಂವಿಗೊಂದು, ಹೀಗೆ ನೆಲದ ಕಂಪೆನಿಗಳು ಸಾಲಾಗಿ ಎದ್ದುವು. ೧೮೬೫ರ ಆರಂಭದಲ್ಲಿ ನಗರದಲ್ಲಿ ಇಂತಹ ೮ ಕಂಪೆನಿಗಳೂ, ೩೧ ಬ್ಯಾಂಕುಗಳೂ, ಸಾಲ ಕೊಡುವುದನ್ನೇ ಕಸುಬಾಗಿ ಮಾಡಿಕೊಂಡ ೧೬ ಹಣಕಾಸಿನ ಸಂಸ್ಥೆಗಳೂ ಇದ್ದುವೆಂದು ಲೆಕ್ಕವಿದೆ. ನೆಲದ ಕಂಪೆನಿಯೊಂದಕ್ಕೆ ಸಾಲ ಕೊಡುವ ಮನೆಗಳು ಆರು!

ರೋಗದ ಮೂಲವು ಈ ಕಡೆಯ ಸಂಖ್ಯೆಗಳಲ್ಲಿಯೇ ಅಡಗಿದೆ. ನೆಲದ ಷೇರುಗಳನ್ನು ಕೊಂಡವನು ಅವುಗಳನ್ನೇ ಬ್ಯಾಂಕಿನಲ್ಲಿ ಅಡವಿಟ್ಟು ಸಾಲ ತರುವನು. ಆ ಸಾಲದಿಂದ ಮತ್ತಷ್ಟು ಷೇರುಗಳನ್ನು ಕೊಳ್ಳುವನು. ಎಲ್ಲರೂ ಹೀಗೆಯೇ ಮಾಡುವುದರಿಂದ ಷೇರಿನ ಬೆಲೆ ಏರುವುದು. ಬೆಲೆ ಏರಿದುದರಿಂದ ಅಡವಿನ ಯೋಗ್ಯತೆಯು ಹೆಚ್ಚಿತೆಂದು ಬ್ಯಾಂಕಿನವರು ಇನ್ನೂ ಹೆಚ್ಚು ಸಾಲ ಕೊಡುವರು. ಸಾಲಕ್ಕೆ ಆಧಾರವೇನು? ಬೆಲೆ. ಬೆಲೆಗೆ ಆಧಾರವೇನು? ಸಾಲ. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನ್ಯೋನ್ಯಾಶ್ರಯದೋಷವೆಂದು ಹೆಸರು. ಒಂದನ್ನೊಂದು ಊರುಗೋಲಾಗಿ ಹಿಡಿದು ನಿಂತ ಇಬ್ಬರು ಅಮಲೇರಿದವರಂತೆ ಇವೆರಡೂ ಕೆಲಕಾಲ ನಿಂತಿರಬಲ್ಲುವು, ನಡೆಯಲೂ ಬಲ್ಲುವು. ಬಾಂಬೆ ಬ್ಯಾಂಕಿನಲ್ಲಿ ಸರಕಾರದ ಬಂಡವಾಳವಿದ್ದಿತು, ಸರಕಾರದಿಂದ ನೇಮಕವಾದ ನಿರ್ದೇಶಕರಿದ್ದರು. ಹಿಂದೆ ಅದಕ್ಕಿದ್ದ ಕಟ್ಟುನಿಟ್ಟುಗಳನ್ನು ೧೮೬೩ರ ಕಾಯಿದೆಯು ಸಡಿಲಿಸಿ ಷೇರುಗಳ ಮೇಲೆ ಸಾಲ ಕೊಡಲು ದಾರಿಮಾಡಿಕೊಟ್ಟಿತು. ಪ್ರೇಮಚಂದ ರಾಯಚಂದನೆಂಬ ಪ್ರಸಿದ್ಧ ದಲ್ಲಾಳಿಯು ಆ ಕಾಲದ ಕುಬೇರನೆನಿಸಿದ್ದನು. ಆತನ ಚೀಟಿಯೊಂದು ಬಂದರೆ ಬ್ಯಾಂಕಿನ ಪೆಟ್ಟಿಗೆಯ ಬಾಗಿಲು ತೆರೆಯುತ್ತಿದ್ದಿತೆಂಬುದು ಲೋಕವಾರ್ತೆ. ಆತನೊಬ್ಬನನ್ನೇ ದೂಷಿಸುವುದು ಆಗಿನಿಂದಲೂ ರೂಢಿಯಾಗಿ ಬಂದಿದೆ; ಆದರೆ ಕದವನ್ನು ತೆರೆದಿಟ್ಟವರು ಬೇರೆ ಇದ್ದರೆಂಬುದನ್ನು ಮರೆಯಲಾಗದು.

ಇದರ ಜೊತೆಗೆ ವಾಯಿದೆಯ ವ್ಯಾಪಾರವೊಂದು ಕೂಡಿಕೊಂಡಿತು. ಇಂದು ಮಾತು, ಹಣವು ಆರು ತಿಂಗಳಾದ ಮೇಲೆ. ಇಂತಹ ದಿನ ಇಂತಹ ಬೆಲೆಗೆ ಇಷ್ಟು ಷೇರುಗಳನ್ನು ಕೊಳ್ಳುವೆನೆಂದು ಬರೆದುಕೊಟ್ಟವನ ಕೈಯಲ್ಲಿ ಹಣವಿರಬೇಕಾದುದಿಲ್ಲ. ಮಾರುವೆನೆಂದವನ ಕೈಯಲ್ಲಿ ಷೇರುಗಳಿರಬೇಕಾದುದೂ ಇಲ್ಲ. ವಾಯಿದೆಯ ದಿನಕ್ಕೆ ಮೊದಲೇ ಮತ್ತೊಬ್ಬನಿಗೆ ದಾಟಿಸಿ ನಡುವಣ ಲಾಭವನ್ನು ಕೈಗೆ ತೆಗೆದುಕೊಳ್ಳುವುದೇ ಸರ್ವರ ಸಂಕಲ್ಪ. ಸರಕಾರಿ ನೌಕರರು, ಗುಮಾಸ್ತರು, ವಕೀಲರು, ಸಣ್ಣಪುಟ್ಟ ಅಂಗಡಿಕಾರರು, ಬಿಳಿಯರು, ಪಾರ್ಸಿಗಳು, ಭಾಟಿಯರು, ಯಾರೂ ಹೊರಗೆ ಉಳಿಯಲಿಲ್ಲ. ಹೀಗೆ ಕಟ್ಟಿದ ವಾಯಿದೆಗಳಲ್ಲಿ ಬಹಳವಾಗಿ ೧೮೬೫ರ ಜುಲೈ ೧ನೆಯ ತಾರೀಖಿಗೆ ತೀರಬೇಕಾಗಿದ್ದುವು.

ಅಷ್ಟರಲ್ಲಿ ಏಪ್ರಿಲ್ ೯ರಂದು ದಕ್ಷಿಣದ ಸೇನಾಪತಿಯಾದ ಲೀ ಶರಣಾಗತನಾದನು. ಆ ಸುದ್ದಿಯು ಮುಂಬಯಿಗೆ ಬಂದಂತೆ ಹತ್ತಿಯ ಬೆಲೆ ಕುಸಿಯಿತು; ಹತ್ತಿಯೊಡನೆ ಹುಂಡಿಗಳು, ಹುಂಡಿಗಳೊಡನೆ ಮನೆತನಗಳು. ಮೇ ತಿಂಗಳಲ್ಲಿ ದೊಡ್ಡ ಪೇಢಿಯೊಂದು ದಿವಾಳಿ ತೆಗೆದುದೇ ತಡ, ಒಬ್ಬರನ್ನೊಬ್ಬರು ನಂಬುವವರಿಲ್ಲವಾಯಿತು. ಜುಲೈ ೧ನೆಯ ದಿನ ಬಂದಾಗ ಕೊಳ್ಳುವೆನೆಂದವರಲ್ಲಿ ಹಣವಿರಲಿಲ್ಲ. ಸಾಮಾನ್ಯ ನ್ಯಾಯಾಸ್ಥಾನಗಳು ಇಷ್ಟೊಂದು ದಿವಾಳಿಗಳನ್ನು ತೀರಿಸಲಾರವೆಂದು ಅದೇ ವರ್ಷ ೨೮ನೆಯ ಕಾಯಿದೆಯೆಂಬ ವಿಶೇಷಶಾಸನವನ್ನೇ ಮಾಡಬೇಕಾಯಿತು. ಬ್ಯಾಕ್ ಬೇ ಷೇರು ೨,೦೦೦ ರೂಪಾಯಿಗಳಿಗಿಂತಲೂ ಕೆಳಗಿಳಿಯಿತು. ಬಾಂಬೆ ಬ್ಯಾಂಕಿನ ೫೦೦ ರೂಪಾಯಿಗಳ ಷೇರು, ಹಿಂದೆ ೨,೮೫೦ರವರೆಗೆ ಏರಿದ್ದುದು, ೮೭ಕ್ಕೆ ಬಂದಿತು. ಬ್ಯಾಂಕು ತೇಕುತ್ತ ತೇಕುತ್ತ ೧೮೬೮ರಲ್ಲಿ ಮುಚ್ಚಿತು. ಸರ್ ಚಾರ್ಲ್ಸ್ ಜ್ಯಾಕ್ಸನ್ ಎಂಬವನ ಅಧ್ಯಕ್ಷತೆಯಲ್ಲಿ ವಿಚಾರಣೆಯ ಮಂಡಲಿಯೂ ಕುಳಿತಿತು. ಹತ್ತಿ ಬೆಳೆದವನ ಗತಿಯೇನಾಯಿತೆಂದು ಕೇಳುವವರು ಆಗ ವಿರಳ. ಏರಿದ ಬೆಲೆಯನ್ನು ನಂಬಿ ಸಾಹುಕಾರನು ಧಾರಾಳವಾಗಿ ಕೊಟ್ಟ ಸಾಲವು ಬೆಲೆ ಇಳಿದಮೇಲೆ ದಖ್ಖಣದ ರೈತನ ಕೊರಳಿಗೆ ಉರುಲಾಯಿತು. ೧೮೭೫ರಲ್ಲಿ ಪುಣೆ ಅಹಮದನಗರಗಳ ಹಳ್ಳಿಗಳಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.

ಹಾಗಾದರೆ ಎರಡನೆಯ ಪಕ್ಷವೇ ಗೆದ್ದಿತೆನ್ನಬಹುದೇ? ಎಲ್ಲವೂ ಗುಳ್ಳೆಯಾಗಿದ್ದಿತೆಂದು ಕೈತೊಳೆದುಕೊಳ್ಳಬಹುದೇ? ಹಾಗೆ ಹೇಳುವುದೂ ಯುಕ್ತವಲ್ಲ. ೧೮೭೨ರ ಗಣತಿಯನ್ನು ನೋಡಬೇಕು: ಜನಸಂಖ್ಯೆ ೬,೪೪,೪೦೫. ಎಂಟು ವರ್ಷಗಳಲ್ಲಿ ೧,೭೨,೦೦೦ ಜನರು ಕಡಿಮೆಯಾದರು. ೧೮೬೪ರ ಎಣಿಕೆಯು ಹೆಚ್ಚಾಗಿದ್ದಿತೆಂದು ಸಂಶಯಪಟ್ಟವರು ಉಂಟು. ಅದಕ್ಕಾಗಿ ಎಷ್ಟು ಕಳೆದರೂ ಇಳಿತವು ಇಳಿತವೇ. ಅಂದರೆ ಉಬ್ಬರದ ಕಾಲದಲ್ಲಿ ನಗರದಲ್ಲಿ ಕಂಡ ಜನವು ಮಾಯೆಯಲ್ಲ. ಅವರು ನಿಜವಾದ ಮನುಷ್ಯರೇ, ನಿಜವಾಗಿ ಬಾಡಿಗೆ ಕೊಟ್ಟು ಕೊಠಡಿ ಹುಡುಕಿದವರೇ. ಆದರೆ ಅವರಲ್ಲಿ ಅನೇಕರನ್ನು ಕರೆದುತಂದುದು ಹತ್ತಿಯ ಹಣ, ಕಟ್ಟಡದ ಕೂಲಿ, ಷೇರುಪೇಟೆಯ ಉದ್ಯೋಗ. ಹಣವು ಹೋದಾಗ ಅವರೂ ಹೋದರು. ಬೇಡಿಕೆಯು ಬೆಲೆಯನ್ನು ಹುಟ್ಟಿಸಿದಂತೆಯೇ ಬೆಲೆಯೂ ಬೇಡಿಕೆಯನ್ನು ಹುಟ್ಟಿಸಿದ್ದಿತು. ಇನ್ನು ಆಮೇಲಿನ ಗಣತಿಗಳನ್ನು ನೋಡಿದರೆ, ೧೮೮೧ರಲ್ಲಿ ೭,೭೩,೧೯೬, ೧೮೯೧ರಲ್ಲಿ ೮,೨೧,೭೬೪. ನಗರವು ಬೆಳೆಯುವುದೆಂದು ನಂಬಿದವರ ಮಾತು ನಿಜವಾಯಿತು. ಆದರೆ ನಿಜವಾಗಲು ಇಪ್ಪತ್ತೇಳು ವರ್ಷಗಳು ಬೇಕಾದುವು. ಸಾಲ ತಂದು ಕೊಂಡವನಿಗೆ ಆರು ತಿಂಗಳು ಮಾತ್ರ ಇದ್ದುವು.

ವೇದಾಂತಿಗಳು ಹಗ್ಗದಲ್ಲಿ ಕಾಣುವ ಹಾವಿನ ದೃಷ್ಟಾಂತವನ್ನು ಕೊಡುವುದುಂಟು. ಹಾವು ಸುಳ್ಳಾದರೂ ಹಗ್ಗವು ಸುಳ್ಳಲ್ಲ. ಹಗ್ಗವೇ ಇಲ್ಲದಿದ್ದರೆ ಹಾವಿನ ಭ್ರಾಂತಿಗೂ ಎಡೆಯಿಲ್ಲ. ಮುಂಬಯಿಯಲ್ಲಿ ನೆಲದ ಆವಶ್ಯಕತೆಯು ಹಗ್ಗದಂತೆ ಅಧಿಷ್ಠಾನವಾಗಿದ್ದಿತು. ಬೆಲೆಯು ಅದರ ಮೇಲಣ ಆರೋಪ. ಆದುದರಿಂದಲೇ ಬುದ್ಧಿವಂತರೂ ಮೋಸಹೋದರು. ಆವಶ್ಯಕತೆಯನ್ನು ತೋರಿಸಿ ಬೆಲೆಯನ್ನು ಸಮರ್ಥಿಸುವವನು ಹಗ್ಗವನ್ನು ತೋರಿಸಿ ಹಾವನ್ನು ಸಾಧಿಸುವವನಂತೆ. ಇವೆರಡನ್ನೂ ಬೇರ್ಪಡಿಸಿ ನೋಡುವ ಸಾಧನವು ಆಗಲೂ ಎಲ್ಲರ ಕೈಯಲ್ಲಿದ್ದಿತು; ಅದು ಬಾಡಿಗೆಯ ಲೆಕ್ಕ. ಉದಾಹರಣೆಗಾಗಿ ಒಂದು ಮನೆಯ ಬೆಲೆ ೧೦,೦೦೦ ರೂಪಾಯಿಗಳಿದ್ದಾಗ ವರ್ಷಕ್ಕೆ ೬೦೦ ರೂಪಾಯಿ ಬಾಡಿಗೆ ಬರುತ್ತಿದ್ದಿತೆನ್ನೋಣ. ಜನರ ನೂಕುನುಗ್ಗಲಿನಿಂದ ಬಾಡಿಗೆಯು ೯೦೦ ಆಗಿ ಬೆಲೆಯು ೧೫,೦೦೦ ಆದರೆ ಅದನ್ನು ಬೇಡಿಕೆಯೆನ್ನಬಹುದು. ಬಾಡಿಗೆ ೯೦೦ರಲ್ಲಿಯೇ ನಿಂತು ಬೆಲೆ ೫೦,೦೦೦ ಆದರೆ, ಉಳಿದ ೩೫,೦೦೦ವನ್ನು ಕೊಡುವವರು ಮನೆಯಲ್ಲಿ ವಾಸಮಾಡುವವರಲ್ಲ. ನಾಳೆ ೬೦,೦೦೦ಕ್ಕೆ ಕೊಳ್ಳತಕ್ಕ ಇನ್ನೊಬ್ಬನನ್ನು ನಂಬಿ ಕುಳಿತವರು. ಬ್ಯಾಕ್ ಬೇ ಷೇರಿನಲ್ಲಿ ಈ ಲೆಕ್ಕಕ್ಕೂ ಅವಕಾಶವಿರಲಿಲ್ಲ. ಅಲೆಗಳಿಗೆ ಯಾರು ಬಾಡಿಗೆ ಕೊಡುವರು?

ಪ್ರಾಚೀನರಿಗೆ ಈ ವಿಷಯವು ತಿಳಿಯದುದೇನಲ್ಲ. ಮೈಸೂರಿನ ಪ್ರಾಚ್ಯಕೋಶಾಗಾರದ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸಿ ಬೆಳಕಿಗೆ ತಂದ ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಮನೆ, ಹೊಲ, ತೋಟ, ಕೆರೆಗಳ ವಿಕ್ರಯಕ್ಕೆ ಪ್ರತ್ಯೇಕವಾದ ವಿಧಿಯಿದೆ. ಮೊದಲು ಜ್ಞಾತಿಗಳು, ಬಳಿಕ ನೆರೆಯವರು, ಬಳಿಕ ಸಾಲಕೊಟ್ಟವರು, ಆಮೇಲೆಯೇ ಹೊರಗಿನವರು. ನೆರೆಯ ಕುಲಗಳವರ ಎದುರಿನಲ್ಲಿ ಬೆಲೆಯನ್ನು ಮೂರು ಸಲ ಸಾರಬೇಕು. ಕೊಳ್ಳುವವರ ಪೈಪೋಟಿಯಿಂದ ಬೆಲೆಯು ಏರಿದರೆ ಆ ಏರಿಕೆಯು ಶುಲ್ಕಸಹಿತವಾಗಿ ರಾಜನ ಬೊಕ್ಕಸಕ್ಕೆ ಸೇರತಕ್ಕುದು, ಮಾರುವವನಿಗಲ್ಲ. ಈ ವಿಧಿಯು ಎಷ್ಟರಮಟ್ಟಿಗೆ ನಡೆಯಿತೋ, ನಡೆದಿದ್ದರೂ ಜನರು ಒಳಗೊಳಗೇ ಏನು ಉಪಾಯವನ್ನು ಮಾಡಿಕೊಂಡರೋ, ಅದು ಬೇರೆ ಮಾತು. ಆದರೆ ನೆಲದ ಯೋಗ್ಯತೆಯಿಂದ ಬಂದ ಬೆಲೆ ಬೇರೆ, ಕೊಳ್ಳುವವರ ಸ್ಪರ್ಧೆಯಿಂದ ಏರಿದ ಬೆಲೆ ಬೇರೆ ಎಂಬ ವಿವೇಚನೆಯು ಅಲ್ಲಿ ಸ್ಪಷ್ಟವಾಗಿದೆ.

ಹಣವು ಮುಳುಗಿದರೂ ಮಣ್ಣು ಮುಳುಗಲಿಲ್ಲ. ಬ್ಯಾಕ್ ಬೇ ಕಂಪೆನಿಯು ತುಂಬಿದ್ದ ಪಟ್ಟಿಯಷ್ಟು ನೆಲವು ಸರಕಾರದ ಪಾಲಾಗಿ, ಅದರ ಮೇಲೆ ಕ್ವೀನ್ಸ್ ರಸ್ತೆಯೂ ರೈಲುದಾರಿಯೂ ಬಂದುವು. ಪೂರ್ವದ ದಡದಲ್ಲಿ ಎಲ್ಫಿನ್‌ಸ್ಟನ್ ಕಂಪೆನಿಯ ಆಸ್ತಿಯನ್ನು ಸರಕಾರವು ಕೊಂಡುಕೊಂಡಿತು. ೧೮೭೩ರಲ್ಲಿ ಸ್ಥಾಪಿತವಾದ ಬಂದರಿನ ಮಂಡಲಿಗೆ ಅದೇ ತಳಹದಿಯಾಯಿತು. ೧೮೬೯ರಲ್ಲಿ ಸುಯೆಜ್ ಕಾಲುವೆಯು ತೆರೆದಮೇಲೆ ಆ ಕಟ್ಟೆಗಳು ನಿಜವಾಗಿಯೂ ಸಾಲದಾದುವು. ಪ್ರೇಮಚಂದನು ದಿವಾಳಿಯಾದನು, ಆದರೆ ಭಾಗ್ಯಕಾಲದಲ್ಲಿ ವಿಶ್ವವಿದ್ಯಾಲಯಕ್ಕೆ ಆತನು ಕೊಟ್ಟಿದ್ದ ೪ ಲಕ್ಷ ರೂಪಾಯಿಗಳಿಂದ ಪುಸ್ತಕಾಲಯವೂ, ಆತನ ತಾಯಿಯ ಹೆಸರಿನ ರಾಜಾಬಾಯಿ ಗೋಪುರವೂ ಎದ್ದು ೧೮೭೮ರಲ್ಲಿ ಪೂರ್ಣವಾದುವು. ಜಮಶೇಟಜಿ ತಾತಾ ಎಂಬ ತರುಣನು ಮುಂಬಯಿಯವರ ಬ್ಯಾಂಕೊಂದನ್ನು ಲಂಡನ್ನಿನಲ್ಲಿ ತೆರೆಯಲೆಂದು ಹೋಗಿದ್ದನು. ಕೈಯಲ್ಲಿದ್ದ ಷೇರುಪತ್ರಗಳು ರದ್ದಿಯಾದಾಗ ಸಾಲಗಾರರ ಮುಂದೆ ನಿಂತು ಇದ್ದುದನ್ನು ಇದ್ದಂತೆ ಹೇಳಿದನೆಂದು ಆತನ ಚರಿತ್ರಕಾರರು ಬರೆದಿದ್ದಾರೆ. ಆತನು ಆಮೇಲೆ ಹಣವನ್ನು ಗಿರಣಿಗೆ ಹಾಕಿದನು, ಉಕ್ಕಿಗೆ ಹಾಕಬೇಕೆಂದನು. ಬೆಂಗಳೂರಿನಲ್ಲಿ ೧೯೦೯ರಲ್ಲಿ ಸ್ಥಾಪಿತವಾದ ವಿಜ್ಞಾನಮಂದಿರವು ಆತನ ಸಂಕಲ್ಪದ ಫಲ.

ಮುಂಬಯಿಯು ಮಾತ್ರ ಆ ಕೊಲ್ಲಿಯನ್ನು ಬಿಡಲಿಲ್ಲ. ಮೊದಲನೆಯ ಮಹಾಯುದ್ಧವು ಮುಗಿದ ಹೊಸದರಲ್ಲಿ ಮತ್ತೊಮ್ಮೆ ಹಣವು ಉಕ್ಕಿತು, ಮನೆಗಳು ದುರ್ಲಭವಾದುವು. ಗವರ್ನರ್ ಲಾಯ್ಡನು ಅದೇ ಬ್ಯಾಕ್ ಬೇಯಲ್ಲಿ ೧,೧೪೫ ಎಕರೆಗಳನ್ನು ತುಂಬುವ ಯೋಜನೆಯನ್ನು ಹೂಡಿದನು. ಈ ಸಲ ಕಂಪೆನಿಯಲ್ಲ, ಸರಕಾರವೇ. ಖರ್ಚು ಮಿತಿಮೀರಿತು, ಅಷ್ಟರಲ್ಲಿ ಬೆಲೆ ಇಳಿಯಿತು. ಕಡೆಗೆ ಆದುದು ೪೩೯ ಎಕರೆಗಳು. ಈ ಕೆಲಸದ ದುರ್ವ್ಯವಹಾರಗಳನ್ನು ಬಯಲಿಗೆಳೆದು ಮೊಕದ್ದಮೆಯನ್ನೂ ಎದುರಿಸಿ ಗೆದ್ದವನು ಕೆ. ಎಫ್. ನರೀಮನ್ ಎಂಬ ವಕೀಲ. ಸ್ವಾತಂತ್ರ್ಯಾನಂತರ ಆ ಕೊಲ್ಲಿಯ ಇನ್ನೊಂದು ತುಂಡನ್ನು ತುಂಬಿ ಕಚೇರಿಗಳ ಗೋಪುರಗಳನ್ನು ಎಬ್ಬಿಸಿದಾಗ ಆ ನೆಲಕ್ಕೆ ಆತನ ಹೆಸರನ್ನೇ ಇಟ್ಟರು. ೧೯೯೫ರ ಸುಮಾರಿಗೆ ನರೀಮನ್ ಪಾಯಿಂಟಿನ ಕಚೇರಿಗಳ ಬಾಡಿಗೆಯು ಟೋಕಿಯೋ ಲಂಡನ್ನುಗಳನ್ನೂ ಹಿಂದೆಹಾಕಿ ಜಗತ್ತಿನಲ್ಲಿಯೇ ಅತ್ಯಧಿಕವೆನಿಸಿತು. ನೆಲವು ಅಷ್ಟೇ ಇರುವುದರಿಂದ ಇದು ಇಳಿಯಲಾರದೆಂದು ಆಗಲೂ ಹೇಳಿದರು. ಕೆಲವೇ ವರ್ಷಗಳಲ್ಲಿ ಅದು ಅರ್ಧಕ್ಕಿಂತಲೂ ಕೆಳಗಿಳಿಯಿತು. ಬ್ಯಾಂಕುಗಳೂ ವ್ಯಾಪಾರದ ಮನೆಗಳೂ ಒಂದೊಂದಾಗಿ ಅಲ್ಲಿಂದೆದ್ದು, ಮಿಠೀ ನದಿಯ ಜೌಗನ್ನು ತುಂಬಿ ಮಾಡಿದ ಬಾಂದ್ರಾ-ಕುರ್ಲಾದ ಹೊಸ ನೆಲಕ್ಕೆ ಹೋದುವು.